ಬೆಳ್ತಂಗಡಿ ಲೈನಿಗೆ ಹೋದ ಕಂಡಕ್ಟರ್

ಗಂಜಿ ಹಾಕಿ ಒಣಗಿಸಿದ ಖಾಕಿ ಬಟ್ಟೆಗೆ ನೀರು ಚಿಮುಕಿಸಿ ಅದರ ಮೇಲೆ ಕೆಂಡದ ಇಸ್ತ್ರಿಪೆಟ್ಟಿಗೆ ಎಳೆದರೆ ಒಂದು ವಾಸನೆ ಏಳುತ್ತದೆ. ಅನ್ನದ್ದೂ ಅಲ್ಲ, ಸುಟ್ಟದ್ದೂ ಅಲ್ಲ, ಎರಡರ ನಡುವಿನದ್ದು. ಕಳೆದ ತಿಂಗಳು ಬಿ.ಸಿ.ರೋಡಿನಲ್ಲಿ ಇಸ್ತ್ರಿ ಅಂಗಡಿಯ ಎದುರು ನನ್ನ ಅಂಗಿಗಾಗಿ ಕಾಯುತ್ತಾ ನಿಂತಿದ್ದಾಗ ಆ ವಾಸನೆ ಬಂತು. ಯಾರೋ ರಿಕ್ಷಾದವರ ಅಂಗಿ. ಆಗ ನನಗೆ ಏನೂ ಅನಿಸಲಿಲ್ಲ. ಕೈಯಲ್ಲಿದ್ದ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದೆ, ಅಷ್ಟೆ. ಮನೆಗೆ ಬಂದು ಊಟಕ್ಕೆ ಕೂತಾಗ ಗೊತ್ತಾಯಿತು, ಅಂಗಿಯನ್ನು ಅಲ್ಲೇ ಬಿಟ್ಟು ಬಂದಿದ್ದೆ. ದಾರಿಯುದ್ದಕ್ಕೂ ನಮ್ಮ ಮಾಳಿಗೆಯಲ್ಲಿದ್ದ ಕಂಡಕ್ಟರರ ಬಗ್ಗೆ ಯೋಚಿಸುತ್ತಾ ಬಂದಿದ್ದೆ.

ಪಾಣೆಮಂಗಳೂರಿನಲ್ಲಿ ನನ್ನದು ಹಳೆ ಮರದ ವ್ಯಾಪಾರ. ಕೆಡವುವ ಮನೆಗಳಿಂದ ಬಾಗಿಲು, ನಾವು ದಾರಂದ ಎನ್ನುವ ಬಾಗಿಲಿನ ಚೌಕಟ್ಟು, ಕಂಬ, ಮಾಡಿನ ಹೆಂಚು ಹೊರುವ ಪಕ್ಕಾಸು ಕೊಂಡು ತಂದು ಮಾರುವುದು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಮೊದಲು ಬೇರೆಯವರ ಲಾರಿಗೆ ಮರ ಹೊತ್ತೆ, ಆಮೇಲೆ ಮರ ನೋಡುವುದು ಕಲಿತೆ, ಅದಕ್ಕಿಂತ ಮುಖ್ಯವಾಗಿ ಮನುಷ್ಯರನ್ನು ನೋಡುವುದು ಕಲಿತೆ. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ಈ ತಾಲೂಕಿನಲ್ಲಿ ಕಡಿಮೆ ಎಂದು ಜನ ಹೇಳುತ್ತಿದ್ದರು. ನಾನೂ ಅದನ್ನು ನಂಬಿಕೊಂಡಿದ್ದೆ. ಈ ಬರಹಕ್ಕೂ ಆ ನಂಬಿಕೆಗೂ ಸಂಬಂಧ ಉಂಟು, ಅದಕ್ಕಾಗಿ ಮೊದಲೇ ಹೇಳಿದ್ದು.

ಮರದ ಗೋಡೌನಿನ ಮೇಲೆ ಒಂದು ಕೋಣೆ ಇತ್ತು. ತನ್ನ ಹೆಂಡತಿಯಿಂದ ಬೇರೆಯಾದ ವರ್ಷ ಕಂಡಕ್ಟರರು ಅಲ್ಲಿಗೆ ಬಾಡಿಗೆಗೆ ಬಂದರು. ಬಿ.ಸಿ.ರೋಡಿನಿಂದ ಸಿದ್ಧಕಟ್ಟೆ ದಾರಿಯಾಗಿ ಮೂಡುಬಿದಿರೆಗೆ ಹೋಗುವ ಒಂದು ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್. ನನಗಿಂತ ಹತ್ತು ವರ್ಷ ಸಣ್ಣವರು ಇರಬಹುದು. ಒಂದು ಸೂಟ್‌ಕೇಸು, ಒಂದು ಸ್ಟವ್, ನಾಲ್ಕು ಖಾಕಿ ಅಂಗಿ. ಬಂದ ಮಾರನೇ ದಿನವೇ ಗಂಜಿ ತಿಳಿ ಬಸಿದು ಅಂಗಿ ಅದ್ದಿ ಕಂಬಿಯ ಮೇಲೆ ಹರಡಿದ್ದರು. ಇಷ್ಟು ಶಿಸ್ತಿನ ಮನುಷ್ಯನ ಸಂಸಾರ ಯಾಕೆ ಮುರಿಯಿತು ಎಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಎರಡು ಒಳ್ಳೆಯ ಹಲಗೆ ಜೋಡಿಸಿದರೂ ಕೆಲವೊಮ್ಮೆ ಸಂದು ಕೂಡುವುದಿಲ್ಲ, ನನ್ನ ಕೆಲಸದಲ್ಲಿ ಅದನ್ನು ದಿನಾ ನೋಡುತ್ತೇನೆ.

ನಾನು ಆ ಬಸ್ಸಿನಲ್ಲಿ ಹಲವು ಸಲ ಹೋಗಿದ್ದೇನೆ. ಮೂಡುಬಿದಿರೆಯ ಕಡೆ ಮನೆ ಕೆಡವುತ್ತಾರೆ ಎಂದರೆ ಬೆಳಿಗ್ಗೆ ಅದೇ ಬಸ್ಸು. ಒಮ್ಮೆ ಬರುವಾಗ ಒಂದು ದಾರಂದವನ್ನು ಬಸ್ಸಿನ ಮೇಲೆ ಕಟ್ಟಿಸಿದ್ದೆ. ಕಂಡಕ್ಟರರು ಎಲ್ಲರಿಗೂ ಕೇಳುವ ಹಾಗೆ, "ಬಾಗಿಲಾದರೆ ಫುಲ್ ಟಿಕೆಟ್, ಬರೀ ದಾರಂದ ಆದ್ದರಿಂದ ಹಾಫ್ ಮಾಡಿದ್ದೇನೆ. ಇದರ ಮೇಲೆ ಇನ್ನೂ ಚರ್ಚೆ ಮಾಡಿದರೆ ಸಾಹೇಬರನ್ನೂ ಮೇಲೆ ಕಟ್ಟುವುದೇ" ಎಂದರು. ಬಸ್ಸಿಡೀ ನಕ್ಕಿತು. ನಾನು ಆದರೂ ಚರ್ಚೆ ಮಾಡಿದೆ.

ಸಿದ್ಧಕಟ್ಟೆ ದಾಟಿ ಸ್ವಲ್ಪ ಮುಂದೆ ಹಾಲಿನ ಡೈರಿಯ ಎದುರು ಒಂದು ಸ್ಟಾಪು. ಅಲ್ಲಿ ಅವರ ಮಗಳು ಹತ್ತುತ್ತಿದ್ದಳು. ಆರನೇ ಕ್ಲಾಸು. ಅವಳು ಅಮ್ಮನ ಜೊತೆ, ಅಮ್ಮನ ತವರಿನಲ್ಲಿ ಇದ್ದಳು. ಶಾಲೆ ಮೂಡುಬಿದಿರೆಯಲ್ಲಿ. ಮುಂದಿನ ಬಾಗಿಲಿನ ಹಿಂದೆ ಒಂಟಿ ಸೀಟು ಉಂಟಲ್ಲ, ಅದು ಅವಳದ್ದು. ಯಾರಾದರೂ ಕೂತಿದ್ದರೆ ಡೈರಿ ಸ್ಟಾಪು ಬರುವ ಮೊದಲೇ ಕಂಡಕ್ಟರರು ಅವರ ಹೆಗಲು ತಟ್ಟಿ ಏಳಿಸುತ್ತಿದ್ದರು. ರೆಗ್ಯುಲರ್ ಪ್ರಯಾಣಿಕರು ತಾವಾಗಿಯೇ ಏಳುತ್ತಿದ್ದರು.

ಅಲ್ಲಿಂದ ಮೂಡುಬಿದಿರೆಗೆ ಇಪ್ಪತ್ತೈದು ನಿಮಿಷ. ಆ ಇಪ್ಪತ್ತೈದು ನಿಮಿಷದಲ್ಲಿ ಅವರು ಟಿಕೆಟ್ ಹರಿಯುತ್ತಲೇ ಅವಳ ನೋಟ್ಸು ನೋಡುತ್ತಿದ್ದರು, ರಿಬ್ಬನ್ ಸರಿಮಾಡುತ್ತಿದ್ದರು, ಮಗ್ಗಿ ಕೇಳುತ್ತಿದ್ದರು. ಹಿಂದಿನ ಸೀಟಿನಿಂದಲೇ "ಹದಿಮೂರು ಏಳಲಿ?" ಎಂದು ಕೂಗುವುದು. ಒಮ್ಮೆ ನಡುವೆ ನಿಂತಿದ್ದ ಮುದುಕರೊಬ್ಬರು ತೊಂಬತ್ತೊಂದು ಎಂದುಬಿಟ್ಟರು. "ನಿಮ್ಮನ್ನು ಕೇಳಿದ್ದಲ್ಲ ಅಜ್ಜ, ನೀವು ಪಾಸಾಗಿ ಆಗಿದೆ" ಎಂದರು ಇವರು. ಹುಡುಗಿ ಬ್ಯಾಗಿನ ಮೇಲೆ ಮುಖ ಇಟ್ಟು ನಗುತ್ತಿದ್ದದ್ದು...

ಹುಡುಗಿಯ ಅಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಒಳ್ಳೆಯ ಹೆಂಗಸು ಎಂದೇ ಎಲ್ಲರೂ ಹೇಳುವುದು, ನಾನೂ ಹೇಳುತ್ತೇನೆ. ಬಸ್ಸಿನ ವಿಷಯ ಅವರಿಗೆ ಗೊತ್ತಿತ್ತು. ಬೇಡ ಎನ್ನಲಿಲ್ಲ. ಮಗುವಿಗೆ ಜ್ವರ ಇದ್ದರೆ ಮಧ್ಯಾಹ್ನದ ಮಾತ್ರೆಯ ವಿಷಯ ಚೀಟಿ ಬರೆದು ಅವಳ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದರು, ಇವರು ಶಾಲೆಯ ಗೇಟಿನಲ್ಲಿ ಟೀಚರಿಗೆ ಹೇಳಿ ಬರುತ್ತಿದ್ದರು. ಮಾರ್ಕ್ಸ್ ಕಾರ್ಡಿಗೆ ಅಮ್ಮನ ಸಹಿ ಮನೆಯಲ್ಲಿ, ಅಪ್ಪನ ಸಹಿ ಡ್ರೈವರನ ಪಕ್ಕದ ಬಾನೆಟಿನ ಮೇಲೆ. ಮಗುವನ್ನು ಇಬ್ಬರೂ ಸೇರಿ ಸಾಕುವುದು ಎಂದು ಈಗ ನಾವು ಕಾನೂನು ಬದಲಾಯಿಸಿ ಎಂದು ಮನವಿ ಬರೆದು ಕೇಳುತ್ತಿರುವುದು ಯಾವುದೋ, ಅದನ್ನು ಆ ಇಬ್ಬರು ಮಾತಾಡದೆಯೇ ನಡೆಸಿಕೊಂಡು ಹೋಗುತ್ತಿದ್ದರು. ಆದರೆ ಅದು ಯಾವ ಕಾಗದದಲ್ಲೂ ಇರಲಿಲ್ಲ. ಕೋರ್ಟಿನ ಕಾಗದದಲ್ಲಿ ಇದ್ದದ್ದು ಬೇರೆ. ಮಗು ತಾಯಿಯ ಹತ್ತಿರ, ತಂದೆಗೆ ತಿಂಗಳಿಗೆ ಎರಡು ಭಾನುವಾರ, ಬೆಳಿಗ್ಗೆ ಹತ್ತರಿಂದ ಒಂದು ಗಂಟೆಯವರೆಗೆ, ತಾಯಿಯ ಮನೆಯ ಜಗಲಿಯಲ್ಲಿ. ಅದೂ ಕೇಸು ಮುಗಿಯುವವರೆಗಿನ ವ್ಯವಸ್ಥೆ.

ಕಂಡಕ್ಟರರಿಗೆ ಜಗಲಿ ಸಾಕಾಗಲಿಲ್ಲ. ಹದಿನೈದು ದಿನಕ್ಕೊಮ್ಮೆ ಶನಿವಾರ ಸಂಜೆ ಕರೆದುಕೊಂಡು ಬಂದು ಭಾನುವಾರ ಬಿಡಬೇಕು, ದೊಡ್ಡ ರಜೆಯ ಅರ್ಧದಷ್ಟು ದಿನ ತನ್ನ ಹತ್ತಿರ ಇರಬೇಕು ಎಂದು ಆಸೆ. ನನ್ನ ಕೋಣೆಯ ಗೋಡೆಗೆ ತಾವೇ ಸುಣ್ಣ ಹೊಡೆದರು, ಕಿಟಕಿಗೆ ಪರದೆ ಹಾಕಿದರು. ಹುಡುಗಿಯ ಮಾವ, ಅಂದರೆ ಅವಳ ಅಮ್ಮನ ಅಣ್ಣ, ಒಪ್ಪಲಿಲ್ಲ. ದಿನಾ ಬಸ್ಸಿನಲ್ಲಿ ನೋಡುತ್ತಾರಲ್ಲ, ಇನ್ನು ಎಂತ ಬೇಕು ಎಂದು ಕೇಳಿದರಂತೆ.

ಒಂದು ಶುಕ್ರವಾರ ಜುಮ್ಮಾ ನಮಾಜು ಮುಗಿಸಿ ಬಂದು ಗೋಡೌನಿನಲ್ಲಿ ಕೂತಿದ್ದೆ. ಅವರಿಗೆ ಅಂದು ರಜೆ. ಚಹಾ ತಂದರು. ಆ ಮಾವನ ಮಾತು ಹೇಳಿದರು. ಕೇಳಿದ ಕೂಡಲೇ ನನಗೆ ವ್ಯವಹಾರ ಕಾಣಿಸಿತು. ಮನುಷ್ಯ ಕಾಣಿಸಲಿಲ್ಲ, ವ್ಯವಹಾರ ಕಾಣಿಸಿತು.

"ನಿಮ್ಮ ತಪ್ಪು ಇಲ್ಲಿಯೇ ಉಂಟು ಮಾರಾಯ್ರೆ" ಎಂದೆ. "ದಿನಾ ಚಿಲ್ಲರೆಯಾಗಿ ತಕ್ಕೊಂಡು ಹೋಗುವವನಿಗೆ ಯಾರು ಹೋಲ್‌ಸೇಲ್ ಕೊಡ್ತಾರೆ? ಒಮ್ಮೆ ಅಂಗಡಿಯಿಂದ ಎದ್ದು ಹೋಗಿ. ಹಿಂದಿನಿಂದ ಕರೀತಾರೆ."

ಅದು ನನ್ನ ಕಸುಬಿನ ವಿದ್ಯೆ. ಬೆಳ್ತಂಗಡಿಯ ಹತ್ತಿರ ಒಂದು ಮನೆಯ ಕೆತ್ತನೆಯ ಕಂಬಗಳಿಗಾಗಿ ನಾನು ಮೂರು ಸಲ ಎದ್ದು ಜೀಪಿನವರೆಗೆ ಹೋಗಿದ್ದೇನೆ, ಮೂರನೇ ಸಲ ಮನೆಯ ಯಜಮಾನರೇ ಅಂಗಳಕ್ಕೆ ಇಳಿದು ಬಂದರು. ಬೇಕಾದ ವಸ್ತುವಿನ ಕಡೆ ನೋಡಬಾರದು, ಗೇಟಿನ ಕಡೆ ನಡೆಯಬೇಕು. ಆರು ತಿಂಗಳು ಬಸ್ಸು ಬದಲಾಯಿಸಿ ಎಂದೆ. ಭಾನುವಾರವೂ ಹೋಗಬೇಡಿ. ಅಲ್ಲಿ ಮಗು ಅಪ್ಪ ಎಲ್ಲಿ ಎಂದು ಕೇಳುತ್ತದೆ, ಅಮ್ಮನಿಗೆ ಸುಧಾರಿಸಲಿಕ್ಕೆ ಆಗುವುದಿಲ್ಲ, ಮಾವ ಇಳಿಯುತ್ತಾನೆ. ಆಗ ಶನಿವಾರ, ರಜೆ, ಎಲ್ಲ ಒಂದೇ ಮಾತಿನಲ್ಲಿ ಮುಗಿಸುವ.

ಅವರು ಚಹಾದ ಲೋಟವನ್ನು ಹಲಗೆಯ ಮೇಲೆ ಇಟ್ಟರು.

"ಅವಳು ಕಾಯ್ತಾಳೆ ಮಾರಾಯ್ರೆ" ಎಂದರು.

"ಕಾಯಲಿ. ಕಾದರೇ ಅಲ್ವಾ ಮನೆಯಲ್ಲಿ ಕೇಳುವುದು?"

"ಒಂದು ಮಾತು ಅವಳಿಗೆ ಹೇಳಿ ಹೋಗ್ತೇನೆ."

"ಹೇಳಿದರೆ ಎಂತ ಉಪಯೋಗ? ಅವಳು ಮನೆಯಲ್ಲಿ ಹೇಳ್ತಾಳೆ. ಗುಟ್ಟು ಅಲ್ಲಿಗೇ ಮುಗೀತು."

ಇಷ್ಟೇ ಮಾತು. ನಾನು ಜೋರು ಮಾಡಲಿಲ್ಲ, ಪ್ರಮಾಣ ಮಾಡಿಸಲಿಲ್ಲ. ಆದರೆ ಈ ಮನುಷ್ಯ ನನ್ನನ್ನು ನಂಬುತ್ತಾನೆ ಎಂದು ಗೊತ್ತಿದ್ದು ಹೇಳಿದೆ. ಜೂನ್ ತಿಂಗಳಲ್ಲಿ ಶಾಲೆ ಶುರುವಾಗುವಾಗ ಅವರು ಮಾಲಕರ ಹತ್ತಿರ ಮಾತಾಡಿ ಬೆಳ್ತಂಗಡಿ ಲೈನಿಗೆ ಹೋದರು. ಹುಡುಗಿ ಏಳನೇ ಕ್ಲಾಸಿಗೆ ಬಂದಿದ್ದಳು.

ಮೂಡುಬಿದಿರೆ ಬಸ್ಸಿನ ಡ್ರೈವರ್ ನನಗೂ ಪರಿಚಯ. ಒಂದು ವಾರ ಕಳೆದು ಬಿ.ಸಿ.ರೋಡಿನಲ್ಲಿ ಸಿಕ್ಕಿದವನು ಬೀಡಿ ಹಚ್ಚಿಕೊಂಡು ಹೇಳಿದ. ಹುಡುಗಿ ಡೈರಿ ಸ್ಟಾಪಿನಲ್ಲಿ ನಿಂತಿರುತ್ತಾಳಂತೆ. ಬಸ್ಸು ನಿಲ್ಲಿಸಿದರೆ ಒಳಗೆ ಇಣುಕುತ್ತಾಳಂತೆ. ಹತ್ತುವುದಿಲ್ಲವಂತೆ. ಹಿಂದಿನಿಂದ ಬರುವ ಬಸ್ಸಿಗೆ ಬರ್ತೇನೆ ಎಂದು ಕೈ ಮಾಡುತ್ತಾಳಂತೆ. ಅಪ್ಪ ಹಿಂದಿನ ಬಸ್ಸಿಗೆ ಹೋಗಿರಬೇಕು ಎಂದು ಅವಳ ಲೆಕ್ಕ. ಆ ಹಿಂದಿನ ಬಸ್ಸಿನಲ್ಲಿ ಹೋದರೆ ಶಾಲೆಯ ಬೆಲ್ಲು ಆಗಿರುತ್ತದೆ.

"ಒಂದು ಮಾತು ಹೇಳಿ ನಿಮ್ಮ ಬಾಡಿಗೆಯವರಿಗೆ" ಎಂದ.

ನಾನು ಹೇಳಲಿಲ್ಲ. ಹೇಳಿದರೆ ಅವರು ಮಾರನೇ ದಿನವೇ ವಾಪಸು ಹೋಗುತ್ತಾರೆ ಎಂದು ಗೊತ್ತಿತ್ತು. ಆ ಮನೆಯವರಿಗೆ ಬಿಸಿ ತಾಗಿದೆ, ಈಗ ಇಳಿಯಬಾರದು ಎಂದು ನನ್ನ ಲೆಕ್ಕ. ಸಂಜೆ ಅವರು ಮಾಳಿಗೆಯ ಮೆಟ್ಟಿಲು ಹತ್ತುವಾಗ ನಾನು ಒಂದು ಹಲಗೆಯ ಮೊಳೆ ಕೀಳುತ್ತಾ ಇದ್ದೆ. ಏನಾದರೂ ಸುದ್ದಿ ಉಂಟಾ ಎಂದು ಕೇಳಿದರು. ಇಲ್ಲ ಎಂದೆ. ಇದನ್ನು ಬರೆಯುವಾಗ ನನ್ನ ಕಣ್ಣು ತುಂಬುವುದಿಲ್ಲ. ತುಂಬಬೇಕಿತ್ತು ಎಂದು ಗೊತ್ತು.

ಜುಲೈಯ ಕೊನೆಗೆ ಹುಡುಗಿ ಸ್ಟಾಪಿಗೆ ಬರುವುದೇ ನಿಂತಿತು. ಅಮ್ಮನ ಮನೆಯವರು ಶಾಲೆಯ ವ್ಯಾನ್ ಮಾಡಿದರು. ಆಗಸ್ಟ್ ಹೋಯಿತು, ಸೆಪ್ಟೆಂಬರ್ ಹೋಯಿತು. ಯಾರೂ ಕರೆಯಲಿಲ್ಲ. ಅವರು ಪ್ರತಿ ಭಾನುವಾರ ಬೆಳಿಗ್ಗೆ ಅಂಗಿ ಇಸ್ತ್ರಿ ಮಾಡಿ ಹಾಕಿಕೊಂಡು, ಎಲ್ಲಿಗೂ ಹೋಗದೆ ಗೋಡೌನಿನ ಎದುರಿನ ಹಲಗೆಯ ರಾಶಿಯ ಮೇಲೆ ಕೂತುಕೊಳ್ಳುತ್ತಿದ್ದರು. ನಾನು ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎನ್ನುತ್ತಿದ್ದೆ.

ನಾನು ಎಲ್ಲಿ ತಪ್ಪಿದೆ ಎಂದು ಈಗ ಸರಿಯಾಗಿ ಗೊತ್ತುಂಟು. ಎದ್ದು ಹೋಗುವ ವಿದ್ಯೆ ನಡೆಯುವುದು ಮಾರಲಿಕ್ಕೆ ಇಟ್ಟವನ ಹತ್ತಿರ. ಅವನಿಗೆ ಮರ ಹೋಗಬೇಕು, ಜಾಗ ಖಾಲಿಯಾಗಬೇಕು. ಆ ಮನೆಯವರು ಯಾವುದನ್ನೂ ಮಾರಲಿಕ್ಕೆ ಇಟ್ಟಿರಲಿಲ್ಲ. ಇವರು ಎದ್ದು ಹೋದರು, ಅವರು ಬಾಗಿಲು ಹಾಕಿಕೊಂಡರು. ಮತ್ತೆ ಆ ಮಗು ಈ ಕಡೆಯದ್ದೂ ಅಲ್ಲ, ಆ ಕಡೆಯದ್ದೂ ಅಲ್ಲ, ಸ್ಟಾಪಿನಲ್ಲಿ ನಿಂತಿತ್ತು...

ನವೆಂಬರಿನಲ್ಲಿ ಕೋರ್ಟಿಗೆ ನಾನೂ ಹೋಗಿದ್ದೆ. ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಒಳಗೆ ಏನಾಯಿತೆಂದು ಅವರ ವಕೀಲರು ಆಮೇಲೆ ಹೇಳಿದರು. ತಾಯಿಯ ಕಡೆಯ ವಕೀಲರು ಕೇಳಿದ್ದು ಬಹಳ ಇಲ್ಲ. ಕಳೆದ ಐದು ತಿಂಗಳಲ್ಲಿ ಮಗುವನ್ನು ಎಷ್ಟು ಸಲ ನೋಡಿದ್ದೀರಿ? ಒಮ್ಮೆಯೂ ಇಲ್ಲ. ಯಾರಾದರೂ ತಡೆದರಾ? ಇಲ್ಲ. ಕಾಯಿಲೆ ಇತ್ತಾ? ಇಲ್ಲ. ಮತ್ತೆ ಯಾಕೆ? ಹಳೆ ಮರದ ಸಾಹೇಬರು ಹೇಳಿದರು ಎಂದು ಇವರು ಅನ್ನಬಹುದಿತ್ತು. ಅನ್ನಲಿಲ್ಲ.

ಆಮೇಲೆ ಹುಡುಗಿಯನ್ನು ಒಬ್ಬಳನ್ನೇ ಒಳಗಿನ ಕೋಣೆಗೆ ಕರೆದು ಜಡ್ಜರು ಮಾತಾಡಿದರು. ಹತ್ತು ನಿಮಿಷ. ಅಪ್ಪನ ಹತ್ತಿರ ಹೋಗುವುದು ಬೇಡ, ಅಪ್ಪ ನೋಡಲಿಕ್ಕೆ ಬರುವುದೂ ಬೇಡ ಎಂದಳಂತೆ. ಹೊರಗೆ ಬಂದಾಗ ಅವಳು ನನ್ನ ಎದುರಿನಿಂದಲೇ ಹೋದಳು. ಎತ್ತರ ಆಗಿದ್ದಳು. ಅಪ್ಪ ನಿಂತ ಕಡೆ ಒಮ್ಮೆ ತಿರುಗಿ ನೋಡಿದಳು. ಅವರು ಕೈ ಎತ್ತಲಿಲ್ಲ. ಎತ್ತಬಾರದೆಂದು ವಕೀಲರು ಹೇಳಿದ್ದರೋ, ಎತ್ತಲಿಕ್ಕೆ ಆಗಲಿಲ್ಲವೋ ಗೊತ್ತಿಲ್ಲ.

ಆದೇಶದ ಪ್ರಕಾರ ತಿಂಗಳಿಗೆ ಒಂದು ಗಂಟೆ, ಕೋರ್ಟಿನ ಒಂದು ಕೋಣೆಯಲ್ಲಿ, ಮಗುವಿಗೆ ಮನಸ್ಸಿದ್ದರೆ. ಎರಡು ಸಲ ಬಂದಳು. ಆ ಕೋಣೆಯಲ್ಲಿ ಒಂದು ಮೇಜು, ಬಣ್ಣ ಹೋದ ಎರಡು ಗೊಂಬೆ, ಗೋಡೆಗೆ ಗಡಿಯಾರ. ಹನ್ನೆರಡು ವರ್ಷದವಳು ಗೊಂಬೆಯಲ್ಲಿ ಎಂತ ಆಡುವುದು? ಗಡಿಯಾರ ನೋಡುತ್ತಾ ಕೂತಳಂತೆ. ಮೂರನೇ ತಿಂಗಳು ಬರಲಿಲ್ಲ. ಮೂಡುಬಿದಿರೆ ಲೈನಿಗೆ ವಾಪಸು ಹೋಗಲು ಇವರು ಮಾಲಕರನ್ನು ಕೇಳಿದರು, ಅಲ್ಲಿ ಬೇರೆಯವರು ಸೇರಿಯಾಗಿತ್ತು. ಹೋಗಿದ್ದರೂ ಪ್ರಯೋಜನ ಇರಲಿಲ್ಲ, ಅವಳು ವ್ಯಾನಿನಲ್ಲಿ ಹೋಗುತ್ತಿದ್ದಳು.

ನಾನು ಸುಮ್ಮನಿರಲಿಲ್ಲ. ಮೇಲಿನ ಕೋರ್ಟಿಗೆ ಹಾಕುವ, ನನ್ನ ಪರಿಚಯದ ವಕೀಲರೊಬ್ಬರು ಇದ್ದಾರೆ, ನಾಳೆಯೇ ಹೋಗುವ ಎಂದೆ. ಅವರು ಕಂಬಿಯಿಂದ ಅಂಗಿ ತೆಗೆಯುತ್ತಾ ಇದ್ದರು.

"ಇನ್ನು ನನಗೆ ಏನೂ ಹೇಳಬೇಡಿ ಸಾಹೇಬ್ರೆ" ಎಂದರು. ಸಿಟ್ಟಿನಲ್ಲಿ ಅಲ್ಲ. ಮುಂದೆ ಜಾಗ ಉಂಟು ಎಂದು ಬಸ್ಸಿನಲ್ಲಿ ಹೇಳುತ್ತಾರಲ್ಲ, ಆ ಸ್ವರದಲ್ಲಿ.

ನಾನು ಹೇಳಲಿಲ್ಲ. ಆಮೇಲೆ ಆರು ವರ್ಷ ಅವರು ನನ್ನ ಮಾಳಿಗೆಯಲ್ಲೇ ಇದ್ದರು. ಸಂಜೆ ಚಹಾ ಇತ್ತು, ಮಳೆ, ಬಸ್ಸು, ನೇತ್ರಾವತಿಯ ನೀರು ಎಲ್ಲಿಯವರೆಗೆ ಬಂತು ಎಂಬ ಮಾತು ಇತ್ತು. ಮಗಳ ವಿಷಯ ಇರಲಿಲ್ಲ. ಕಿಟಕಿಯ ಪರದೆಯನ್ನು ಒಂದು ದಿನ ತೆಗೆದು ತೊಳೆದು ಮಡಚಿ ಇಟ್ಟರು, ಮತ್ತೆ ಹಾಕಲಿಲ್ಲ.

ಅವರು ಕುಸಿದು ಬಿದ್ದದ್ದು ಬೆಳ್ತಂಗಡಿ ಬಸ್‌ಸ್ಟ್ಯಾಂಡಿನಲ್ಲಿ, ಮಧ್ಯಾಹ್ನ, ಎರಡು ಟ್ರಿಪ್ಪಿನ ನಡುವೆ. ಎದೆನೋವು. ಬಸ್ಸಿನವರೇ ಆಸ್ಪತ್ರೆಗೆ ಒಯ್ದರು, ದಾರಿಯಲ್ಲೇ ಮುಗಿದಿತ್ತು. ಅವರ ತಮ್ಮ ಶಾರ್ಜಾದಲ್ಲಿ ಇದ್ದದ್ದು. ಅವನು ಬರುವವರೆಗೆ ಓಡಾಟ ನನ್ನದು. ಊರಿನ ಮನೆಯಲ್ಲಿ ಬೆಂಕಿ ಕೊಡುವ ಹೊತ್ತಿಗೆ ಹುಡುಗಿಯ ಅಮ್ಮ ಬಂದು ಅಂಗಳದ ಬದಿಯಲ್ಲಿ ಕೊಡೆ ಹಿಡಿದು ನಿಂತರು. ಹುಡುಗಿಗೆ ಕಾಲೇಜಿನಲ್ಲಿ ಪರೀಕ್ಷೆ ಇತ್ತು, ಹೇಳಿದ್ದು ಮಾರನೇ ದಿನವಂತೆ. ನಾನು ಮರಣ ಪ್ರಮಾಣಪತ್ರದ ಐದು ಪ್ರತಿ ತೆಗೆಸಿದೆ. ಇಂಥ ಕಾಗದ ಯಾವಾಗಲೂ ಐದು ಪ್ರತಿ ಇರಬೇಕು, ನೆನಪಿಡಿ.

ಅದರ ನಂತರ ನಾನು ಈ ಕೆಲಸಕ್ಕೆ ಇಳಿದೆ. ದೊಡ್ಡ ಮನಸ್ಸಿನಿಂದ ಅಲ್ಲ, ಬೇರೆ ಎಂತ ಮಾಡುವುದೆಂದು ಗೊತ್ತಾಗದೆ. ಯಾರ ಮನೆಯಲ್ಲಾದರೂ ಗಂಡ ಹೆಂಡತಿ ಬೇರೆಯಾಗುತ್ತಾರೆ ಎಂದು ಕೇಳಿದರೆ ಹೋಗಿ ಕೂತುಕೊಳ್ಳುತ್ತೇನೆ. ಕರೆಯದಿದ್ದರೂ ಹೋಗುತ್ತೇನೆ, ಎರಡು ಕಡೆ ಬೈಸಿಕೊಂಡಿದ್ದೇನೆ. ಫರಂಗಿಪೇಟೆಯಲ್ಲಿ ಒಬ್ಬಳು ತಾಯಿ, ಅವಳ ಮಗನನ್ನು ಗಂಡನ ಮನೆಯವರು ಇಟ್ಟುಕೊಂಡಿದ್ದರು. ಅವಳಿಗೂ ಯಾರೋ ಬುದ್ಧಿವಂತರು ಆರು ತಿಂಗಳು ಹೋಗಬೇಡ, ತಾವಾಗಿಯೇ ತಂದು ಬಿಡ್ತಾರೆ ಎಂದಿದ್ದರು. ಇವತ್ತೇ ಹೋಗು ತಂಗಿ ಎಂದೆ. ಗೇಟು ತೆಗೆಯದಿದ್ದರೆ ಗೇಟಿನ ಹೊರಗೆ ನಿಲ್ಲು, ಮಗು ಕಿಟಕಿಯಿಂದ ನೋಡಲಿ. ಒಂದು ವಾರವೂ ತಪ್ಪಿಸಬೇಡ. ಈಗ ಶುಕ್ರವಾರ ಶನಿವಾರ ಅವಳ ಹತ್ತಿರ ಕಳಿಸುತ್ತಾರೆ.

ಆದರೆ ಎಲ್ಲರೂ ಗೇಟಿನಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ, ಕಾನೂನು ಬದಲಾಗಬೇಕು. ಮಸೀದಿಯ ಜಮಾತಿನ ಎದುರು ಕೂತರೂ, ಕೋರ್ಟಿನ ಎದುರು ನಿಂತರೂ ಮೊದಲ ಪ್ರಶ್ನೆ ಒಂದೇ, ಮಗು ಯಾರಿಗೆ? ಆ ಪ್ರಶ್ನೆ ಕೇಳಿದ ಕೂಡಲೇ ಒಬ್ಬರು ಗೆಲ್ಲಬೇಕು, ಒಬ್ಬರು ಸೋಲಬೇಕು, ನಡುವೆ ನನ್ನಂಥವರು ಚೌಕಾಸಿಗೆ ಇಳಿಯುತ್ತಾರೆ. ಮಗು ಇಬ್ಬರದ್ದು ಎಂದು ಮೊದಲೇ ಬರೆದಿಟ್ಟು, ದಿನ ಹೇಗೆ ಹಂಚುವುದು ಎಂಬಲ್ಲಿಂದ ಮಾತು ಶುರುವಾಗಬೇಕು. ಹೊಡೆಯುವವರು, ಕುಡಿದು ಹಿಂಸೆ ಕೊಡುವವರು ಬೇರೆ, ಅಲ್ಲಿ ಮಗುವನ್ನು ಕಾಪಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಉಳಿದವರಿಗೆ ಬೇರೆಯಾದ ಮೊದಲ ತಿಂಗಳಲ್ಲೇ ಕಾಗದ ಆಗಬೇಕು. ಶಾಲೆಯಿಂದ ಫೋನು ಇಬ್ಬರಿಗೂ ಬರಬೇಕು. ಡೈರಿ ಸ್ಟಾಪಿನಿಂದ ಮೂಡುಬಿದಿರೆಯವರೆಗಿನ ಇಪ್ಪತ್ತೈದು ನಿಮಿಷ ಇದ್ದರೆ ಅದೂ ಕಾಗದದಲ್ಲಿ ಇರಬೇಕು. ಇದನ್ನೆಲ್ಲ ಒಂದು ಮನವಿಯಾಗಿ ಟೈಪ್ ಮಾಡಿಸಿ, ನಮ್ಮ ಜನಪ್ರತಿನಿಧಿಗಳಿಗೆ ಕಳಿಸಲು ಸಹಿ ಮಾಡಿಸತೊಡಗಿದೆ. ಬಸ್ಸಿನವರು, ಟೀಚರುಗಳು, ವಕೀಲರೂ ಕೆಲವರು ಹಾಕಿದ್ದಾರೆ.

ಇಸ್ತ್ರಿ ಅಂಗಡಿಯ ಆ ದಿನದ ನಂತರದ ವಾರ, ಗೋಡೌನಿಗೆ ಒಬ್ಬಳು ಹುಡುಗಿ ಬಂದಳು. ಇಪ್ಪತ್ತೆರಡು ಇಪ್ಪತ್ತಮೂರು ಇರಬಹುದು. ಹೆಗಲಿಗೆ ಬ್ಯಾಗು. ಹೆಸರು ಹೇಳುವ ಮೊದಲೇ ನನಗೆ ಗೊತ್ತಾಯಿತು, ನಿಲ್ಲುವ ರೀತಿ ಅಪ್ಪನದ್ದು. ಬಿ.ಎಡ್. ಸೇರಲಿಕ್ಕೆ ಆದಾಯದ ಸರ್ಟಿಫಿಕೇಟ್ ಮಾಡಿಸುವಾಗ ಅಪ್ಪ ಇಲ್ಲ ಎಂದದ್ದಕ್ಕೆ ಮರಣ ಪ್ರಮಾಣಪತ್ರ ತನ್ನಿ ಎಂದು ತಾಲೂಕು ಆಫೀಸಿನವರು ಹೇಳಿದರಂತೆ. ಶಾರ್ಜಾದ ಚಿಕ್ಕಪ್ಪನಿಗೆ ಫೋನು ಮಾಡಿದಾಗ ಪ್ರತಿ ನನ್ನ ಹತ್ತಿರ ಉಂಟು ಎಂದು ಹೇಳಿದರಂತೆ.

ತೆಗೆದು ಕೊಟ್ಟೆ. ಎರಡು ಪ್ರತಿ ಕೊಟ್ಟೆ. ಅವಳು ನಿಂತುಕೊಂಡೇ ಓದಿದಳು. ಆಗ ನಾನು ಹೇಳಿದೆ. ಹೇಳಬೇಕೆಂದು ನಿಶ್ಚಯ ಮಾಡಿದ್ದಲ್ಲ, ಹೇಳಿದೆ. ನಿಮ್ಮ ಅಪ್ಪ ತಾವಾಗಿ ಹೋದದ್ದಲ್ಲ ಮಗಳೇ, ನಾನು ಕಳಿಸಿದ್ದು. ನಿಮಗೆ ಹೇಳಿ ಹೋಗ್ತೇನೆ ಎಂದರು, ನಾನು ಬೇಡ ಎಂದೆ. ನೀವು ಹಿಂದಿನ ಬಸ್ಸಿಗೆ ಕಾಯ್ತೀರಿ ಎಂದು ಡ್ರೈವರ್ ಹೇಳಿದ, ಅದನ್ನೂ ಅವರಿಗೆ ಹೇಳಲಿಲ್ಲ.

ಅವಳು ಅಳಲಿಲ್ಲ, ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತಳು.

"ಎಷ್ಟು ದಿನ ಅಂತ ಹೇಳಿದ್ರಿ ಅಪ್ಪನಿಗೆ?"

"ಆರು ತಿಂಗಳು."

"ಆರು ತಿಂಗಳಾ" ಎಂದಳು.

ಮೇಜಿನ ಮೇಲೆ ಮನವಿಯ ಕಾಗದ ಇತ್ತು. ಸುಮ್ಮನೆ ಎತ್ತಿಕೊಂಡು ಓದತೊಡಗಿದಳು. ಓದಲಿಕ್ಕೆ ತುಂಬ ಹೊತ್ತು ತಕ್ಕೊಂಡಳು. ಒಂದು ಸಾಲಿನ ಕೆಳಗೆ ಬೆರಳು ನಿಂತಿತು. ತಂದೆ ಬೇಕಾ ತಾಯಿ ಬೇಕಾ ಎಂದು ಮಗುವನ್ನು ಒಂಟಿಯಾಗಿ ಕೂರಿಸಿ ಕೇಳಬಾರದು ಎಂದು ಬರೆದ ಸಾಲು.

"ನನ್ನನ್ನು ಕೇಳಿದ್ರು" ಎಂದಳು. "ಒಳ್ಳೆಯ ಜಡ್ಜು, ಚಾಕ್ಲೇಟ್ ಕೊಟ್ರು. ಅಪ್ಪ ಬರುವುದು ಬೇಡ ಅಂತ ಹೇಳಿದೆ."

"ಸಿಟ್ಟು ಇತ್ತು, ಅಲ್ವಾ?"

"ಸಿಟ್ಟಿಗೆ ಅಲ್ಲ ಕಾಕ. ಬೇಡ ಅಂದ್ರೆ ಓಡಿ ಬರ್ತಾರೆ ಅಂತ ಎಣಿಸಿದೆ. ಹೊರಗೆ ಬಂದು ನೋಡಿದೆ. ಅವರು ಕೈ ಎತ್ತಲೇ ಇಲ್ಲ."

ಹೊರಗೆ ಕೆಲಸದವರು ಒಂದು ಕಂಬ ಇಳಿಸುತ್ತಿದ್ದರು. ಅವರು ಏನೋ ಕೇಳಿದರು, ನಾನು ತಲೆಯಾಡಿಸಿದೆ, ಎಂತಕ್ಕೆಂದು ಗೊತ್ತಿಲ್ಲ. ನಲವತ್ತು ವರ್ಷ ಈ ಕಸುಬಿನಲ್ಲಿ ಎದುರಿನವರ ಮನಸ್ಸಿನಲ್ಲಿ ಏನುಂಟು ಎಂದು ಓದಿಯೇ ಅನ್ನ ತಿಂದವನು ನಾನು. ಕೋರ್ಟಿನ ಬೆಂಚಿನಲ್ಲಿ ಕೂತಿದ್ದ ನನ್ನ ಎದುರಿನಿಂದ ಅವಳು ಹೋದಾಗ, ಆ ತಿರುಗಿ ನೋಡಿದ್ದನ್ನು ನಾನು ಕಂಡಿದ್ದೆ. ಒಂದು ಹೆಜ್ಜೆ ಮುಂದೆ ಹೋಗಿ ಎಂದು ಅವಳ ಅಪ್ಪನನ್ನು ಹಿಂದಿನಿಂದ ದೂಡಲಿಲ್ಲ...

ನಾನು ಪೆನ್ನು ಮುಂದಿಟ್ಟೆ. ಅಭ್ಯಾಸ. ಅವಳು ಪೆನ್ನು ತಕ್ಕೊಂಡಳು, ಮುಚ್ಚಳ ತೆಗೆದಳು, ಕಾಗದವನ್ನು ತನ್ನ ಕಡೆ ತಿರುಗಿಸಿದಳು. ಆಮೇಲೆ ಮುಚ್ಚಳ ಹಾಕಿದಳು.

"ಹಾಕಬೇಕು ಅಂತ ಉಂಟು. ಆದರೆ ಅಮ್ಮನಿಗೆ ಗೊತ್ತಾದರೆ ಅಪ್ಪನ ಕಡೆ ಸೇರಿದೆ ಅಂತ ಬೇಜಾರಾಗ್ತದೆ" ಎಂದಳು. "ಅವರಿಗೆ ನಾನು ಒಬ್ಬಳೇ ಅಲ್ವಾ."

ಅವಳನ್ನು ಒಪ್ಪಿಸಬಹುದಿತ್ತು. ಅಮ್ಮನ ವಿರುದ್ಧ ಅಲ್ಲ ಇದು, ಅಮ್ಮಂದಿರಿಗೂ ಆಗುವ ಕಾನೂನು ಎಂದು ನಾಲ್ಕು ಮಾತಿನಲ್ಲಿ ಹೇಳಲಿಕ್ಕೆ ನನಗೆ ಬರುತ್ತದೆ. ಫರಂಗಿಪೇಟೆಯ ತಾಯಿಯ ಕಥೆಯೂ ಉಂಟು. ನಾನು ಹೇಳಲಿಲ್ಲ. ಸರ್ಟಿಫಿಕೇಟನ್ನು ಮಡಚದೆ ಒಯ್ಯಲಿಕ್ಕೆ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟೆ. ಅವಳು ಬರ್ತೇನೆ ಕಾಕ ಎಂದು ಹೇಳಿ ನೇತ್ರಾವತಿಯ ಸೇತುವೆಯ ಕಡೆ ನಡೆದಳು. ಫೋನ್ ನಂಬರ್ ಕೊಡಲಿಲ್ಲ, ನಾನೂ ಕೇಳಲಿಲ್ಲ.

ಮೊನ್ನೆ ಮನವಿಯನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಸಹಿಗಳ ಹಾಳೆ ದಪ್ಪ ಆಗಿದೆ. ಅದರಲ್ಲಿ ಅವಳ ಹೆಸರು ಇಲ್ಲ. ಎಲ್ಲಕ್ಕಿಂತ ಮೊದಲು ಸಹಿ ಹಾಕಬೇಕಿದ್ದ ಅವಳ ಅಪ್ಪನದ್ದೂ ಇಲ್ಲ.